ಸರ್ಕಾರದ ವಕೀಲರನ್ನು ಜನರು ಆರಿಸಬೇಕೆ?

ಕಳೆದ ವರ್ಷ ನಮ್ಮ ತರಗತಿಯಲ್ಲಿ ಒಂದು ಚರ್ಚಾಕೂಟ ನಡೆಯಿತು. ಅಮೆರಿಕದಲ್ಲಿರುವಂತೆ ನಮ್ಮ ರಾಜ್ಯದ ಅಡ್ವೊಕೇಟ್ ಜನರಲ್ ಅವರನ್ನೂ ಜನತೆಯೇ ಚುನಾಯಿಸಬೇಕು ಎಂಬುದು ವಿಷಯ. ಲಿಂಗಸುಗೂರಿನಿಂದ ದಿನವೂ ಬಸ್ಸಿನಲ್ಲಿ ಸಿಂಧನೂರಿಗೆ ಬರುವ ಮಿತ್ರನೊಬ್ಬ ಎದ್ದು ನಿಂತು, “ಸರ್ಕಾರ ನಮ್ಮದು ಅಂತೀರಿ. ಹಂಗಾದ್ರ ಸರ್ಕಾರದ ವಕೀಲ ನಮ್ಮ ವಕೀಲ ಅಲ್ಲೇನು? ನಮ್ಮ ವಕೀಲನ್ನ ನಾವು ಯಾಕ ಆರಿಸಬಾರದು?” ಎಂದಾಗ ಕೊಠಡಿಯೆಲ್ಲ ಚಪ್ಪಾಳೆಯಿಂದ ತುಂಬಿತು. ವಿರೋಧವಾಗಿ ಮಾತಾಡಿದ ನಾನು ಸೋತೆನು. ಅಂದು ಗಂಟೆ ಬಾರಿಸಿದ್ದರಿಂದ ಅರ್ಧಕ್ಕೇ ನಿಂತ ಮಾತನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ನಮ್ಮಲ್ಲಿರುವ ವ್ಯವಸ್ಥೆಯನ್ನು ನೋಡೋಣ. ಸಂವಿಧಾನದ 165ನೆಯ ವಿಧಿಯಂತೆ ಹೈಕೋರ್ಟಿನ ನ್ಯಾಯಾಧೀಶರಾಗಲು ಅರ್ಹತೆಯುಳ್ಳವರೊಬ್ಬರನ್ನು ರಾಜ್ಯಪಾಲರು ಅಡ್ವೊಕೇಟ್ ಜನರಲ್ ಆಗಿ ನೇಮಿಸುತ್ತಾರೆ. ಕಾನೂನಿನ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವುದು ಅವರ ಕರ್ತವ್ಯ. 177ನೆಯ ವಿಧಿಯಂತೆ ಅವರು ಶಾಸನಸಭೆಯಲ್ಲಿ ಮಾತನಾಡಬಹುದು. ಆದರೆ ಮತ ಹಾಕುವಂತಿಲ್ಲ. ಅವರಿಗೆ ಗೊತ್ತಾದ ಅವಧಿಯಿಲ್ಲ. ರಾಜ್ಯಪಾಲರ ಇಚ್ಛೆಯಿರುವ ತನಕ ಪದವಿ. ರಾಜ್ಯಪಾಲರ ಇಚ್ಛೆಯೆಂದರೆ ಮಂತ್ರಿಮಂಡಲದ ಇಚ್ಛೆಯೆಂಬುದು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿಯದ್ದಲ್ಲ. ಸರ್ಕಾರ ಬದಲಾದರೆ ಇವರೂ ಬದಲಾಗುವುದು ರೂಢಿಯಾಗಿಬಿಟ್ಟಿದೆ.

ಅಮೆರಿಕದ ರೀತಿಯೇ ಬೇರೆ. ಅಲ್ಲಿಯ 50 ರಾಜ್ಯಗಳ ಪೈಕಿ 43ರಲ್ಲಿ ಅಟಾರ್ನಿ ಜನರಲ್ ಅವರನ್ನು ಮತದಾರರೇ ಆರಿಸುತ್ತಾರೆ. ಇದರಿಂದ ಒಳಿತಾಗಿಲ್ಲವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. 1994ರಲ್ಲಿ ಮಿಸಿಸಿಪ್ಪಿ ರಾಜ್ಯದ ಅಟಾರ್ನಿ ಜನರಲ್ ಮೈಕ್ ಮೂರ್ ಅವರು ತಂಬಾಕು ಕಂಪನಿಗಳ ಮೇಲೆ ದಾವೆ ಹೂಡಿದರು. ಅವರ ರಾಜ್ಯದ ಗವರ್ನರರೇ ಅದನ್ನು ವಿರೋಧಿಸಿದರು. ಜನರಿಂದ ಆಯ್ಕೆಯಾದ ಮೂರ್ ಅವರನ್ನು ಗವರ್ನರರು ತೆಗೆದುಹಾಕುವಂತಿರಲಿಲ್ಲ. ಕೊನೆಗೆ 1998ರಲ್ಲಿ ಆ ಕಂಪನಿಗಳು 46 ರಾಜ್ಯಗಳೊಡನೆ ಒಪ್ಪಂದಕ್ಕೆ ಬರಬೇಕಾಯಿತು. ನನ್ನ ಮಿತ್ರನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಹೀಗಿದ್ದರೂ ನಾನು ಒಪ್ಪಲಾರೆ. ಬೀದರಿನಿಂದ ಚಾಮರಾಜನಗರದವರೆಗೆ ಮತ ಕೇಳಿಕೊಂಡು ತಿರುಗಬೇಕಾದ ವಕೀಲರಿಗೆ ಹಣ ಎಲ್ಲಿಂದ ಬಂದೀತು? ಯಾರ ಮೊಕದ್ದಮೆಗಳು ಕೋರ್ಟಿನಲ್ಲಿವೆಯೋ ಅವರ ಥೈಲಿಯೇ ಮೊದಲು ಬಿಚ್ಚಿಕೊಳ್ಳುವುದಿಲ್ಲವೆ? ಇದು ಹಣದ ಮಾತಾಯಿತು. ಅದಕ್ಕಿಂತ ದೊಡ್ಡದು ಮತದ ಮಾತು. 2018ರಲ್ಲಿ ನಮ್ಮ ಮಸ್ಕಿ ಕ್ಷೇತ್ರದ ಫಲಿತಾಂಶ ಕೇವಲ 213 ಮತಗಳ ಅಂತರದಲ್ಲಿ ನಿರ್ಧಾರವಾಯಿತು. ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಒಂದೊಂದು ಮತವನ್ನೂ ಎಣಿಸುವುದು ಶಾಸಕರಿಗೆ ಸಹಜ; ಅದೇ ಅವರ ಧರ್ಮ. ಆದರೆ ಕಾನೂನು ಹೇಳಬೇಕಾದವರು ಎಣಿಕೆಗೆ ಕುಳಿತರೆ ಗತಿಯೇನು?

ನಮ್ಮ ಎಡದಂಡೆ ಕಾಲುವೆಯನ್ನೇ ತೆಗೆದುಕೊಳ್ಳಿರಿ. ತುಂಗಭದ್ರೆಯ ನೀರು ಸಿಂಧನೂರಿನ ಗದ್ದೆಗಳನ್ನು ದಾಟಿ ಮಾನ್ವಿ, ರಾಯಚೂರುಗಳ ಕೆಳಭಾಗದ ರೈತರಿಗೆ ತಲಪಬೇಕು. ಮೇಲಿನವರಿಗೂ ಮತವುಂಟು, ಕೆಳಗಿನವರಿಗೂ ಉಂಟು. ಇಬ್ಬರ ಮುಂದೆಯೂ ಕೈಮುಗಿದು ನಿಂತ ಉಮೇದುವಾರರು ಗೆದ್ದ ಮೇಲೆ ನ್ಯಾಯವಾದ ಪಾಲೆಷ್ಟೆಂದು ಹೇಳುವರೇ, ಹೆಚ್ಚು ಮತ ಎಲ್ಲಿದೆಯೆಂದು ನೋಡುವರೇ?

ಇಲ್ಲಿ ಒಂದು ಪ್ರಸಂಗ ನೆನಪಾಗುತ್ತದೆ. ಫಾಲಿ ನಾರಿಮನ್ ಅವರು ಅಡ್ವೊಕೇಟ್ ಜನರಲ್ ಆಗಿರಲಿಲ್ಲ. ಆದರೆ ನದಿನೀರಿನ ವ್ಯಾಜ್ಯಗಳಲ್ಲಿ ದಶಕಗಳ ಕಾಲ ಕರ್ನಾಟಕದ ಪರವಾಗಿ ವಾದಿಸಿದ ಹಿರಿಯ ವಕೀಲರು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆಜ್ಞೆ ಪಾಲನೆಯಾಗದಿದ್ದಾಗ, ಅದು ಪಾಲನೆಯಾಗುವ ತನಕ ತಾವು ವಾದ ಮಂಡಿಸುವುದಿಲ್ಲವೆಂದು ಅವರು ನ್ಯಾಯಾಲಯದಲ್ಲಿಯೇ ತಿಳಿಸಿದರು. ನಾಡಿಗೆ ನಾಡೇ ಕುದಿಯುತ್ತಿದ್ದ ದಿನಗಳವು. ಮರುವರ್ಷ ಮತ ಕೇಳಬೇಕಾಗಿದ್ದ ವಕೀಲರ ಬಾಯಿಂದ ಈ ಮಾತು ಹೊರಡುತ್ತಿತ್ತೆ? ಕಕ್ಷಿಗಾರನಿಗೆ ಬೇಡವಾದ ಸತ್ಯವನ್ನು ಹೇಳಬಲ್ಲವನೇ ನಿಜವಾದ ವಕೀಲ. ಚುನಾವಣೆ ಮಂತ್ರಿಯ ಭಯವನ್ನು ಬಿಡಿಸೀತು. ಅದರ ಜಾಗದಲ್ಲಿ ಗುಂಪಿನ ಭಯವನ್ನು ತಂದು ಕೂರಿಸೀತು. ಯಜಮಾನ ಬದಲಾದ ಮಾತ್ರಕ್ಕೆ ಆಳಿಗೆ ಬಿಡುಗಡೆಯಾಗುವುದಿಲ್ಲ.

ಹಾಗೆಂದು ಈಗಿನ ಪದ್ಧತಿಯೇ ಇರಲಿ ಎನ್ನುವವನೂ ನಾನಲ್ಲ. ರಾಜ್ಯಗಳು ತಮ್ಮ ವಕೀಲರನ್ನು ಮನಬಂದಂತೆ ನೇಮಿಸಿಕೊಳ್ಳಬಾರದು, ಅರ್ಹತೆಯನ್ನು ಸರಿಯಾಗಿ ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟು 2016ರಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಹೇಳಿದೆ. ಅದು ಕೆಳಗಿನ ಸರ್ಕಾರಿ ವಕೀಲರ ಮಾತು. ಅದೇ ನ್ಯಾಯ ಮೇಲಿನ ಪೀಠಕ್ಕೂ ಏಕೆ ಬೇಡ? ಹೈಕೋರ್ಟಿನ ಮುಖ್ಯ ನ್ಯಾಯಾಧೀಶರು, ವಿರೋಧ ಪಕ್ಷದ ನಾಯಕರು, ವಕೀಲರೇ ಮತ ಹಾಕಿ ಆರಿಸುವ ರಾಜ್ಯ ವಕೀಲರ ಪರಿಷತ್ತಿನ ಪ್ರತಿನಿಧಿ, ಇವರೆಲ್ಲ ಕೂಡಿ ಮೂರು ಹೆಸರುಗಳನ್ನು ಸೂಚಿಸಲಿ. ಅವರಲ್ಲೊಬ್ಬರನ್ನು ಸರ್ಕಾರ ನೇಮಿಸಲಿ. ಒಮ್ಮೆ ನೇಮಿಸಿದ ಮೇಲೆ ಐದು ವರ್ಷ ಯಾರೂ ಅವರನ್ನು ಕದಲಿಸದಿರಲಿ. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಾದೀತು, ಬೇಕಾದರೆ ಆಗಲಿ.

ಇದು ಬೆಂಗಳೂರಿನ ದೊಡ್ಡವರ ಮಾತು, ನಮಗೇಕೆ ಎನ್ನಬೇಡಿರಿ. ಕಾಲುವೆಗೆ ಭೂಮಿ ಕೊಟ್ಟ ರೈತನಿಗೆ ಕೋರ್ಟು ಹೆಚ್ಚಿನ ಪರಿಹಾರ ಕೊಟ್ಟಾಗ ಸರ್ಕಾರ ಅಪೀಲು ಹೋಗಬಹುದು. ಆಗ ಆತ ಬುತ್ತಿ ಕಟ್ಟಿಕೊಂಡು ಕಲಬುರಗಿ ಪೀಠಕ್ಕೆ ಅಲೆಯಬೇಕು. “ಸ್ವಾಮಿ, ಈ ಅಪೀಲು ನ್ಯಾಯವಲ್ಲ, ಬಿಟ್ಟುಬಿಡಿ” ಎಂದು ಸರ್ಕಾರಕ್ಕೆ ಧೈರ್ಯವಾಗಿ ಹೇಳಬಲ್ಲ ವಕೀಲರಿದ್ದರೆ ಆ ಬುತ್ತಿ ಮನೆಯಲ್ಲಿಯೇ ಉಂಡ ಊಟವಾಗುತ್ತದೆ.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕನು ಧರ್ಮವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ನಿಲುಕತಕ್ಕದ್ದೆಂದು ಸಾರಿದ್ದಾನೆ. ಅದು ನಿಲುಕಬೇಕಾದರೆ ದೊಡ್ಡವರಿಗೂ ಗುಂಪಿಗೂ ಅಂಜದೆ ಮಾತಾಡುವವನೊಬ್ಬ ಬೇಕು. ಲಿಂಗಸುಗೂರಿನ ನನ್ನ ಮಿತ್ರ ಮುಂದೆ ಕಾನೂನು ಓದುವೆನೆಂದು ಹೇಳುತ್ತಾನೆ. ಆತನೇ ಒಂದು ದಿನ ಆ ಪೀಠದಲ್ಲಿ ಕುಳಿತರೆ ನನಗಿಂತ ಸಂತೋಷಪಡುವವರಿಲ್ಲ. ಆದರೆ ಅಂದು ಅವನು ಯಾರ ಚಪ್ಪಾಳೆಗೂ ಕಾಯದಿರಲಿ.