ದೊಡ್ಡವರ ಆಟಿಸಂಗೆ ಬಾಗಿಲು ಯಾವುದು?

ಸರ್ಕಾರಿ ನೌಕರಿಯ ಅಧಿಸೂಚನೆ ಬಂದಾಗ ನಾವೆಲ್ಲ ಮೊದಲು ನೋಡುವುದು ಹುದ್ದೆಗಳ ಸಂಖ್ಯೆ, ಆಮೇಲೆ ಮೀಸಲಾತಿಯ ಪಟ್ಟಿ. ಆ ಪಟ್ಟಿಯ ಕೊನೆಯಲ್ಲಿರುವ ಅಂಗವಿಕಲರ ಕೋಟಾದ ವಿವರವನ್ನು ಓದುವವರು ಕಡಿಮೆ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯಗಳಿದ್ದವು. ಆಟಿಸಂ ಅದರಲ್ಲಿ ಇರಲಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ–2016 ಈ ಪಟ್ಟಿಯನ್ನು 21ಕ್ಕೆ ಏರಿಸಿತು. ಕನಿಷ್ಠ ಶೇ 4ರ ಮೀಸಲಾತಿಯಲ್ಲಿ ಶೇ 1ರಷ್ಟನ್ನು ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅನಾರೋಗ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಒಟ್ಟಾಗಿ ಮೀಸಲಿಟ್ಟಿತು. 2017ರ ಏಪ್ರಿಲ್ 19ರಿಂದ ಇದು ಜಾರಿಯಲ್ಲಿದೆ. ಹೀಗೆ ಕಾಗದದ ಮೇಲೆ ಬಾಗಿಲು ತೆರೆದಿದೆ. ಆದರೆ ಸೊರಬ, ಶಿಕಾರಿಪುರದಂಥ ತಾಲ್ಲೂಕಿನಲ್ಲಿ ಇಪ್ಪತ್ತು ದಾಟಿದ ಮೇಲೆ ‘ನನಗೆ ಆಟಿಸಂ ಇರಬಹುದೇ’ ಎಂದು ಕೇಳಬೇಕಾದವರು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆ ನನ್ನದೇ. ನನಗೀಗ 24 ವರ್ಷ. ಊರು ಆನವಟ್ಟಿಯ ಹತ್ತಿರ, ಡಿಗ್ರಿ ಓದಿದ್ದು ಶಿಕಾರಿಪುರದಲ್ಲಿ, ಈಗ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಎರಡನೇ ವರ್ಷದ ಡಿಗ್ರಿಯಿಂದ ಆತಂಕ ಮತ್ತು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಾತ್ರೆಯಿಂದ ಉಪಯೋಗ ಆಗಿದೆ, ಅದನ್ನು ಇಲ್ಲ ಎನ್ನಲಾರೆ. ನಿದ್ದೆ ಮರಳಿತು, ಬೆಳಿಗ್ಗೆ ಎದ್ದು ಕೂರುವ ಶಕ್ತಿ ಬಂತು. ಆದರೆ ಕೆಲವು ಸಂಗತಿಗಳು ಮಾತ್ರ ಇದ್ದಲ್ಲೇ ಇವೆ. ಬಸ್ ಸ್ಟ್ಯಾಂಡಿನ ಹಾರ್ನ್, ಮಿಕ್ಸಿಯ ಸದ್ದು, ಲೈಬ್ರರಿಯಲ್ಲಿ ಕಿರುಗುಟ್ಟುವ ಫ್ಯಾನು ತಲೆಯೊಳಗೇ ಹೊಕ್ಕಂತಾಗುತ್ತದೆ. ಕ್ಲಾಸಿನ ವೇಳೆ ಬದಲಾದರೆ ಇಡೀ ದಿನ ಕೈತಪ್ಪುತ್ತದೆ. ಗೆಳತಿಯರು ತಮಾಷೆಗೆ ಅಂದ ಮಾತು ತಮಾಷೆ ಎಂದು ನನಗೆ ತಿಳಿಯುವುದು ಒಂದು ಗಂಟೆ ಕಳೆದ ಮೇಲೆ. ಮಾತನಾಡುವಾಗ ಎದುರಿನವರ ಕಣ್ಣು ನೋಡುವ ಬದಲು ಹಣೆ ನೋಡಬೇಕು ಎಂಬ ಉಪಾಯವನ್ನು ಹೈಸ್ಕೂಲಿನಲ್ಲಿ ನಾನೇ ಕಂಡುಕೊಂಡೆ. ಎಲ್ಲರೂ ಹೀಗೇ ಏನೋ ಒಂದು ಉಪಾಯದಲ್ಲಿ ಬದುಕುತ್ತಾರೆ ಎಂದುಕೊಂಡಿದ್ದೆ.

ಇದನ್ನೆಲ್ಲ ಹೇಳಿದಾಗ ಒಬ್ಬ ವೈದ್ಯರು, ‘ಡಿಗ್ರಿ ಮುಗ್ಸಿದೀಯಲ್ಲಮ್ಮ, ಇಷ್ಟು ಚೆನ್ನಾಗಿ ಮಾತಾಡ್ತಿದೀಯ, ಆಟಿಸಂ ಎಲ್ಲಿಂದ ಬಂತು? ಎಲ್ಲಾ ಆತಂಕದ್ದೇ’ ಎಂದು ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಹೊರಗೆ ಅರವತ್ತು ಜನ ಕಾಯುತ್ತಿದ್ದರು. ಅಷ್ಟು ಜನರ ನಡುವೆ ಒಬ್ಬರಿಗೆ ಸಿಗುವುದು ಐದು ನಿಮಿಷ. ಐದು ನಿಮಿಷದಲ್ಲಿ ಇಪ್ಪತ್ನಾಲ್ಕು ವರ್ಷದ ಕಥೆ ಕೇಳಲು ಯಾರಿಗೂ ಆಗುವುದಿಲ್ಲ.

ತೊಡಕು ಇರುವುದು ಇಲ್ಲಿಯೇ. ಆಟಿಸಂ ಪತ್ತೆಗೆ ರಕ್ತ ಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಬಾಲ್ಯದಿಂದ ಬೆಳೆದು ಬಂದ ಬಗೆಯನ್ನು ಕೇಳಿ, ಈಗಿನ ನಡವಳಿಕೆ ನೋಡಿ ತೀರ್ಮಾನಿಸಬೇಕು. ಮೊದಲೇ ಒಂದು ಮಾನಸಿಕ ಕಾಯಿಲೆಯ ಹೆಸರು ಕಡತದಲ್ಲಿದ್ದರೆ, ಆಮೇಲೆ ಹೇಳಿದ್ದೆಲ್ಲವೂ ಆ ಹೆಸರಿನ ಕೆಳಗೇ ಸೇರಿಕೊಳ್ಳುತ್ತದೆ. ಆದರೆ ಸ್ವಲ್ಪ ನಿಧಾನವಾಗಿ ಕೇಳಿದರೆ ವ್ಯತ್ಯಾಸ ಕಾಣಸಿಗುತ್ತದೆ. ಜನರ ಜೊತೆ ಬೆರೆಯದಿರುವುದನ್ನೇ ತೆಗೆದುಕೊಳ್ಳಿ. ಖಿನ್ನತೆಯಿಂದಾದರೆ ಅದಕ್ಕೊಂದು ಆರಂಭ ಇರುತ್ತದೆ, ‘ಹೋದ ವರ್ಷದವರೆಗೆ ಎಲ್ಲರೊಂದಿಗೆ ನಗುತ್ತಿದ್ದೆ’ ಎನ್ನಬಹುದು. ಸಾಮಾಜಿಕ ಆತಂಕ ಇರುವವರಿಗೆ ಎದುರಿನವರ ಸೂಚನೆ ಅರ್ಥವಾಗುತ್ತದೆ, ಅವರು ಏನೆಂದುಕೊಳ್ಳುತ್ತಾರೋ ಎಂಬ ಭಯ ಕಾಡುತ್ತದೆ. ಆಟಿಸಂ ಇದ್ದರೆ ಸೂಚನೆಯೇ ಸರಿಯಾಗಿ ತಲುಪುವುದಿಲ್ಲ, ಅದೂ ಮೂರು–ನಾಲ್ಕು ವರ್ಷದ ವಯಸ್ಸಿನಿಂದಲೇ. ಮಾಡಿದ್ದನ್ನೇ ಮಾಡುವ ಅಭ್ಯಾಸವೂ ಹಾಗೆಯೇ. ಗೀಳು ಕಾಯಿಲೆಯವರಿಗೆ ಅದು ಬೇಡದ ಹಿಂಸೆ. ಆಟಿಸಂ ಇರುವವರಿಗೆ ಹೆಚ್ಚಾಗಿ ಅದು ನೆಮ್ಮದಿ. ಇವೆಲ್ಲ ಒಬ್ಬರಲ್ಲೇ ಒಟ್ಟಿಗೆ ಇರಲೂಬಹುದು, ಅದು ಅಪರೂಪವೇನಲ್ಲ. ಹಾಗಾಗಿ ‘ಖಿನ್ನತೆ ಇದೆ, ಆದ್ದರಿಂದ ಆಟಿಸಂ ಅಲ್ಲ’ ಎಂಬ ವಾದ ನಿಲ್ಲುವುದಿಲ್ಲ. ವರ್ಷಗಟ್ಟಲೆ ಬೇರೆಯವರಂತೆ ನಟಿಸಿ ದಣಿದವರಿಗೆ ಖಿನ್ನತೆ ಬರುವುದರಲ್ಲಿ ಆಶ್ಚರ್ಯವೂ ಇಲ್ಲ.

ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದಾಗ ಅವರ ಮುಂದಿದ್ದವರು 11 ಮಕ್ಕಳು: ಎಂಟು ಹುಡುಗರು, ಮೂವರು ಹುಡುಗಿಯರು. ಆಟಿಸಂ ಎಂದರೆ ಮಾತು ಬಾರದ ಗಂಡು ಮಗು ಎಂಬ ಚಿತ್ರ ಬಹುಕಾಲ ಉಳಿದುಬಿಟ್ಟಿತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್ಎಂ–5 ಕೈಪಿಡಿ ಇದನ್ನು ಸಡಿಲಿಸಿತು. ಲಕ್ಷಣಗಳು ಬಾಲ್ಯದಲ್ಲೇ ಇರಬೇಕು, ಆದರೆ ಬದುಕಿನ ಬೇಡಿಕೆ ಹೆಚ್ಚುವವರೆಗೆ ಅವು ಪೂರ್ತಿ ಕಾಣದಿರಬಹುದು, ಕಲಿತ ಉಪಾಯಗಳ ಹಿಂದೆ ಅಡಗಿರಬಹುದು ಎಂದು ಅದು ಹೇಳುತ್ತದೆ. ನಮ್ಮಂಥವರಿಗೆ ಬದುಕಿನ ಬೇಡಿಕೆ ಹೆಚ್ಚುವುದು ಹಳ್ಳಿಯ ಶಾಲೆ ಬಿಟ್ಟು ಹಾಸ್ಟೆಲ್ ಸೇರಿದಾಗ, ಇಂಟರ್‌ವ್ಯೂಗೆ ಕೂತಾಗ. ಪತ್ತೆಯಾಗದ ಆಟಿಸಂ ಕಾಲೇಜಿನ ವಯಸ್ಸಿನಲ್ಲಿ ಮುಖ ತೋರಿಸುವುದು ಇದಕ್ಕೇ.

ಇನ್ನು ಪ್ರಮಾಣಪತ್ರದ ವಿಚಾರ. ಯುಡಿಐಡಿ ಕಾರ್ಡಿಗೆ ಮಾನಸಿಕ ಕಾಯಿಲೆಯನ್ನು ಅಳೆಯುವುದು ‘ಐಡಿಯಾಸ್’ ಎಂಬ ಮಾಪನದಿಂದ. ಸ್ವಂತ ಆರೈಕೆ, ಜನರೊಡನೆ ಸಂಬಂಧ, ಸಂವಹನ, ಕೆಲಸ ಎಂಬ ನಾಲ್ಕು ವಿಷಯಗಳನ್ನು ಅದು ನೋಡುತ್ತದೆ. ಆಟಿಸಂ ಅಳೆಯುವುದು ‘ಐಎಸ್ಎಎ’ ಎಂಬ ಭಾರತೀಯ ಮಾಪನದಿಂದ. ಅದರಲ್ಲಿ 40 ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ, ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಎಂದರ್ಥ. ಪ್ರಶ್ನೆಗಳನ್ನು ಓದಿ ನೋಡಿದೆ. ಮಗುವಿನಂತೆ ಕೀರಲು ಸದ್ದು ಮಾಡುತ್ತಾರೆಯೇ, ಹೇಳಿದ್ದನ್ನೇ ತಿರುಗಿ ಹೇಳುತ್ತಾರೆಯೇ, ಒಂಟಿಯಾಗಿ ಇರುತ್ತಾರೆಯೇ ಎಂಬಂಥವು. ಆ ಲಕ್ಷಣ ಎಷ್ಟು ಸಲ ಹೊರಗೆ ಕಾಣುತ್ತದೆ ಎಂಬುದರ ಮೇಲೆ ಅಂಕ. ಹೆಚ್ಚು ನೆರವು ಬೇಕಾದ ಮಕ್ಕಳಿಗೆ ಇದು ಬೇಕಾದ ಮಾಪನವೇ. ಆದರೆ ಹಣೆ ನೋಡಿ ಮಾತಾಡಲು ಕಲಿತವಳ ಮುಂದೆ ಕೂತವರಿಗೆ ಕಾಣುವುದು ಕಲಿತದ್ದು ಮಾತ್ರ. ಅದಕ್ಕಾಗಿ ಸಂಜೆ ಮನೆಗೆ ಬಂದು ಕತ್ತಲ ಕೋಣೆಯಲ್ಲಿ ಎರಡು ಗಂಟೆ ಮಲಗಬೇಕಾಗುತ್ತದೆ ಎಂಬುದಕ್ಕೆ ಅಂಕವಿಲ್ಲ. ಚೆನ್ನಾಗಿ ನಟಿಸಿದಷ್ಟೂ ಅಂಕ ಇಳಿಯುತ್ತದೆ!

ಮೀಸಲಾತಿಗೆ ಕನಿಷ್ಠ ಶೇ 40ರ ಅಂಗವೈಕಲ್ಯ ಬೇಕು. ಇದು ಸಿಗದಿದ್ದರೆ ಎಲ್ಲವೂ ಮುಗಿಯಿತು ಎಂದು ನಮ್ಮ ಸ್ಟಡಿ ಸೆಂಟರುಗಳಲ್ಲಿ ಹೇಳುತ್ತಾರೆ. ಅದು ಸರಿಯಲ್ಲ. ಬರೆಯುವಾಗ ಕೈ ಹಿಡಿದುಕೊಳ್ಳುವ ಸಮಸ್ಯೆಯಿದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರಿಗೆ ವೈದ್ಯಕೀಯ ಮಂಡಳಿ ಕೊಟ್ಟಿದ್ದು ಬರೀ ಶೇ 6. ಬರಹಗಾರರ ನೆರವು ನಿರಾಕರಿಸಲಾಗಿತ್ತು. ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು, ಶೇ 40ರ ಮಿತಿ ಇರುವುದು ಮೀಸಲಾತಿಯಂಥ ಸೌಲಭ್ಯಕ್ಕೆ, ಸೂಕ್ತ ಅನುಕೂಲ ಕಲ್ಪಿಸುವ ಹೊಣೆಗೆ ಆ ಮಿತಿ ಇಲ್ಲ ಎಂದು ತೀರ್ಪು ಕೊಟ್ಟಿತು. ಇದರ ನಂತರ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ, ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ತೊಂದರೆ ಇರುವವರಿಗಾಗಿ ಮಾರ್ಗಸೂಚಿ ಹೊರಡಿಸಿತು. ನನ್ನ ಅಗತ್ಯ ಬೇರೆ: ಫ್ಯಾನಿನ ಸದ್ದಿಲ್ಲದ ಮೂಲೆಯ ಜಾಗ, ಕೆಲಸ ಸಿಕ್ಕರೆ ಬಾಯಿಮಾತಿನ ಬದಲು ಬರಹದಲ್ಲಿ ಸೂಚನೆ. ಇವಕ್ಕೆ ಖರ್ಚಿಲ್ಲ. ಆದರೆ ಕೇಳಬೇಕಾದರೆ ಕೈಯಲ್ಲಿ ಏನೋ ಒಂದು ಕಾಗದ ಬೇಕು, ಕಾಗದಕ್ಕೆ ಮೊದಲು ಪತ್ತೆಯಾಗಬೇಕು.

ನಮ್ಮ ಜಿಲ್ಲೆ ಮಾನಸಿಕ ಆರೋಗ್ಯದ ವಿಷಯದಲ್ಲಿ ಹಿಂದುಳಿದದ್ದಲ್ಲ. ಡಾ. ಕಟೀಲ್ ಅಶೋಕ್ ಪೈ ಶಿವಮೊಗ್ಗದಲ್ಲಿ ‘ಮಾನಸ’ ಕಟ್ಟಿದವರು, ‘ಕಾಡಿನ ಬೆಂಕಿ’ಯಂಥ ಸಿನಿಮಾದ ಮೂಲಕ ಮನಸ್ಸಿನ ಕಾಯಿಲೆಯನ್ನು ಮನೆಮಾತಾಗಿಸಿದವರು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಊರಲ್ಲೇ ಗುರುತಿಸಿ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ರಾಜ್ಯದಲ್ಲಿದೆ. (ಶಿಕಾರಿಪುರದ ದೇವರ ಹೆಸರೇ ಹುಚ್ಚರಾಯಸ್ವಾಮಿ. ಮಕ್ಕಳಿಗೂ ಆ ಹೆಸರಿಡುವ ಊರಿನಲ್ಲಿ ಮನೋವೈದ್ಯರ ಹತ್ತಿರ ಹೋಗುವಾಗ ಮಾತ್ರ ಮುಖಕ್ಕೆ ವೇಲ್ ಮುಚ್ಚಿಕೊಳ್ಳುತ್ತೇವೆ.) ಈ ವ್ಯವಸ್ಥೆಯೆಲ್ಲ ರೂಪುಗೊಂಡಿದ್ದು ಮಾತ್ರೆಯಿಂದ ಹಿಡಿತಕ್ಕೆ ಬರುವ ಕಾಯಿಲೆಗಳಿಗೆ, ಮತ್ತು ಅದು ಜೀವಗಳನ್ನು ಉಳಿಸಿದೆ. ಆಟಿಸಂಗೆ ಬೇಕಾದ್ದು ಮಾತ್ರೆಯಲ್ಲ, ಕೂತು ಕೇಳುವ ಕ್ಲಿನಿಕಲ್ ಸೈಕಾಲಜಿಸ್ಟ್. ಆನವಟ್ಟಿಯಿಂದ ಅವರನ್ನು ಕಾಣಬೇಕಾದರೆ ಶಿವಮೊಗ್ಗಕ್ಕೋ, ಹಾನಗಲ್ ದಾರಿ ಹಿಡಿದು ಧಾರವಾಡದ ಡಿಮ್ಹಾನ್ಸ್‌ಗೋ, ಸಾಗರದಲ್ಲಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕು. ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸವೂ ಅಲ್ಲ. ಜೊತೆಗೆ ಬಾಲ್ಯ ಕಂಡವರು ಬರಬೇಕು. ಅವ್ವ ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಯಿತು.

ತಾಲ್ಲೂಕು ಮಟ್ಟದಲ್ಲೇ ಅರ್ಧ ಕೆಲಸ ಮಾಡಬಹುದು ಎಂಬುದು ನನ್ನ ಅನಿಸಿಕೆ. ಬಾಲ್ಯದ ವಿವರ ಬರೆದುಕೊಳ್ಳಲು ಮನೋವೈದ್ಯರೇ ಬೇಕಿಲ್ಲ. ತರಬೇತಿ ಪಡೆದ ಸಮುದಾಯ ದಾದಿಯರು, ಆಪ್ತಸಮಾಲೋಚಕರು ಮಾಡಬಹುದು. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರ ಪಟ್ಟಿಯಲ್ಲಿ ಆಟಿಸಂ ಎಂದರೆ ಇನ್ನೂ ಅಂಗನವಾಡಿಯ ಮಗುವೇ. ಮಾತ್ರೆ ಕೆಲಸ ಮಾಡಿಯೂ ಬಾಲ್ಯದಿಂದ ಬಂದ ತೊಂದರೆ ಹಾಗೇ ಉಳಿದವರನ್ನು ಮುಂದಿನ ಆಸ್ಪತ್ರೆಗೆ ಬರೆದು ಕಳಿಸುವ ಒಂದು ಕಾಲಂ ಆ ಮಂಗಳವಾರದ ಚೀಟಿಯಲ್ಲಿದ್ದರೂ ಸಾಕು.

ನನ್ನಂತೆ ಅನುಮಾನ ಇರುವವರಿಗೆ ಒಂದೆರಡು ಮಾತು. ಮೊಬೈಲಿನಲ್ಲಿ ಸಿಗುವ 50 ಪ್ರಶ್ನೆಗಳ ಪರೀಕ್ಷೆ ಅನುಮಾನ ಹುಟ್ಟಿಸಲು ಸಾಕು, ತೀರ್ಮಾನಕ್ಕೆ ಸಾಲದು. ಆತಂಕ ಇರುವವರಿಗೂ ಅದರಲ್ಲಿ ಅಂಕ ಏರಬಹುದು. ಈಗಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ, ಆಟಿಸಂ ಇದ್ದರೂ ಖಿನ್ನತೆಗೆ ಚಿಕಿತ್ಸೆ ಬೇಕೇ ಬೇಕು. ಯಾರ ಬಳಿ ಮಾತಾಡಬೇಕೆಂದೇ ಗೊತ್ತಿಲ್ಲದಿದ್ದರೆ ಟೆಲಿಮನಸ್‌ನ 14416ಕ್ಕೆ ಕರೆ ಮಾಡಿ. ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಎದುರು ಬಾಯಿಕಟ್ಟುವವರು ಬರೆದುಕೊಂಡು ಹೋಗಿ.

ನಾನು ಎರಡು ಪುಟ ಬರೆದಿಟ್ಟುಕೊಂಡಿದ್ದೇನೆ. ಒಂದರಲ್ಲಿ ಮಾತ್ರೆಯಿಂದ ಬದಲಾದದ್ದು, ಇನ್ನೊಂದರಲ್ಲಿ ಬದಲಾಗದ್ದು. ಅವ್ವನನ್ನು ಕೇಳಿದಾಗ, ‘ನೀ ಸಣ್ಣಾಕಿದ್ದಾಗ್ಲೂ ಹಂಗೇ ಇದ್ದೆ, ಜಾತ್ರಿಗೆ ಕರ್ಕೊಂಡೋದ್ರೆ ಕಿವಿ ಮುಚ್ಕೊಂಡು ಅಳ್ತಿದ್ದೆ, ತೇರು ನೋಡ್ಲೇ ಇಲ್ಲ’ ಎಂದಳು. ಅದನ್ನೂ ಬರೆದೆ. ನಾಲ್ಕನೇ ತರಗತಿಯ ಅಂಕಪಟ್ಟಿಯೊಂದು ಟ್ರಂಕಿನಲ್ಲಿ ಸಿಕ್ಕಿತು. ‘ಓದಿನಲ್ಲಿ ಮುಂದು, ಯಾರೊಂದಿಗೂ ಬೆರೆಯುವುದಿಲ್ಲ’ ಎಂದು ಮೇಷ್ಟ್ರು ಬರೆದಿದ್ದಾರೆ. ಆಗ ನನಗೆ ಒಂಬತ್ತು ವರ್ಷ. ಮುಂದಿನ ತಿಂಗಳು ಅವ್ವ ನಾಟಿ ಮುಗಿಸಿಕೊಂಡು ಜೊತೆಗೆ ಬರುತ್ತೇನೆ ಎಂದಿದ್ದಾಳೆ.