ನಮ್ಮ ಲ್ಯಾಬಿಗೊಂದು ಸಣ್ಣ ಸರ್ವರ್ ಬೇಕು, ಅದಕ್ಕೊಬ್ಬರು ಹೊಣೆಗಾರರೂ ಬೇಕು

ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ 40 ಕಂಪ್ಯೂಟರುಗಳಿವೆ. ಎಲ್ಲವನ್ನೂ ಕೇಬಲ್ ಎಳೆದು ಒಂದೇ ನೆಟ್‌ವರ್ಕಿಗೆ ಸೇರಿಸಿದ್ದಾರೆ. ಆದರೂ ಒಂದು ಕಂಪ್ಯೂಟರಿನಲ್ಲಿರುವ ಮಾದರಿ ಪ್ರಶ್ನೆಪತ್ರಿಕೆ ಪಕ್ಕದ ಕಂಪ್ಯೂಟರಿಗೆ ಬರಬೇಕೆಂದರೆ ನಾವು ಮಾಡುವುದೇನು? "ಪೆನ್‌ಡ್ರೈವ್ ಯಾರ ಹತ್ರ ಇದೆ?" ಎಂದು ಕೂಗುತ್ತೇವೆ. ಇಲ್ಲದಿದ್ದರೆ ವಾಟ್ಸಾಪಿಗೆ ಹಾಕುತ್ತೇವೆ. ಕೈಚಾಚಿದರೆ ಸಿಗುವ ಕಂಪ್ಯೂಟರಿಗೆ ಹೋಗಲು ಆ ಫೈಲು ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲೋ ಸುತ್ತಿ ಬರುತ್ತದೆ. ಪೆನ್‌ಡ್ರೈವಿನ ಕಥೆ ಗೊತ್ತೇ ಇದೆ. ಒಂದು ಕಂಪ್ಯೂಟರಿನ ವೈರಸ್ ಸಂಜೆಯೊಳಗೆ ಹತ್ತು ಕಂಪ್ಯೂಟರಿಗೆ ಹಬ್ಬಿ, ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕುಳಿತಿರುತ್ತವೆ.

ನಾನು ಕಾಮರ್ಸ್ ವಿದ್ಯಾರ್ಥಿನಿ. ಆದ್ದರಿಂದ ಮೊದಲು ಲೆಕ್ಕ. 25 ಎಂಬಿಯ ಒಂದು ಪಿಡಿಎಫ್ ಅನ್ನು 40 ಜನ ಇಂಟರ್ನೆಟ್ಟಿನಿಂದ ಇಳಿಸಿಕೊಂಡರೆ 1,000 ಎಂಬಿ, ಅಂದರೆ ಸುಮಾರು ಒಂದು ಜಿಬಿ ಡೇಟಾ ಖರ್ಚು. ಅದೇ ಫೈಲು ಲ್ಯಾಬಿನೊಳಗಿನ ಒಂದು ಕಂಪ್ಯೂಟರಿನಲ್ಲಿದ್ದರೆ ಡೇಟಾ ಖರ್ಚು ಸೊನ್ನೆ. 100 ಮೆಗಾಬಿಟ್ ಕೇಬಲಿನಲ್ಲಿ ಸೆಕೆಂಡಿಗೆ 12.5 ಎಂಬಿ ಹೋಗುತ್ತದೆ. 1,000 ಎಂಬಿಗೆ 80 ಸೆಕೆಂಡು. ಕೇಬಲು, ಸ್ವಿಚ್ಚು ಹಳೆಯವು ಎಂದು ಅದನ್ನು ಎರಡೂವರೆ ನಿಮಿಷ ಮಾಡಿಕೊಳ್ಳಿ. ಇಡೀ ಲ್ಯಾಬಿಗೆ ನೋಟ್ಸ್ ಸಿಕ್ಕಿತು, ಇಂಟರ್ನೆಟ್ ಇಲ್ಲದ ದಿನವೂ ಸಿಕ್ಕಿತು.

"ಎಲ್ಲರ ಹತ್ತಿರ ಫೋನ್ ಇದೆಯಲ್ಲ, ಗ್ರೂಪಿನಲ್ಲಿ ಹಾಕಿದರೆ ಆಯಿತು" ಎಂದು ಕೆಲವರು ಹೇಳುತ್ತಾರೆ. ಎಲ್ಲರ ಹತ್ತಿರ ಇಲ್ಲ. ನಮ್ಮ ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್. ಅದು ಬೆಳಿಗ್ಗೆ ಅಬ್ಬಾ ಜೊತೆ ಅಂಗಡಿಗೆ ಹೋದರೆ ಮನೆಗೆ ಬರುವುದು ರಾತ್ರಿ ಒಂಬತ್ತೂವರೆಗೆ. ಆಮೇಲೆ ತಮ್ಮನ ಸರದಿ, ಆಮೇಲೆ ನನ್ನದು. ಅಷ್ಟರಲ್ಲಿ ಚಾರ್ಜ್ ಮುಗಿದಿರುತ್ತದೆ, ದಿನದ ಡೇಟಾ ಕೂಡ. ನಮ್ಮ ತರಗತಿಯಲ್ಲಿ ಹೀಗಿರುವವಳು ನಾನೊಬ್ಬಳೇ ಅಲ್ಲ. ಲ್ಯಾಬಿನಲ್ಲೇ ನೋಟ್ಸ್ ಸಿಗುವಂತಿದ್ದರೆ ನಾವು ಊಟದ ಬಿಡುವಿನಲ್ಲಿ ಕುಳಿತು ಓದಿಕೊಳ್ಳಬಹುದು, ಬರೆದುಕೊಳ್ಳಬಹುದು.

ಇದಕ್ಕೆ ಬೇಕಾದದ್ದು ಒಂದು ವೆಬ್ ಸರ್ವರ್. ಹೆಸರು ದೊಡ್ಡದು, ಕೆಲಸ ಸಣ್ಣದು. ಒಂದು ಕಂಪ್ಯೂಟರಿನ ಒಂದು ಫೋಲ್ಡರನ್ನು ಅದು ಉಳಿದ ಕಂಪ್ಯೂಟರುಗಳ ಬ್ರೌಸರಿಗೆ ತೋರಿಸುತ್ತದೆ. 192.168 ಎಂದು ಶುರುವಾಗುವ ವಿಳಾಸ ಟೈಪ್ ಮಾಡಿದರೆ ಫೈಲುಗಳ ಪಟ್ಟಿ ಬರುತ್ತದೆ. ಒತ್ತಿದರೆ ಫೈಲು ತೆರೆಯುತ್ತದೆ. ಆ ವಿಳಾಸ ಒಳಗಿನ ನೆಟ್‌ವರ್ಕಿಗೆ ಮಾತ್ರ, ಹೊರಗಿನವರು ಅದನ್ನು ಟೈಪ್ ಮಾಡಿ ನಮ್ಮ ಲ್ಯಾಬಿಗೆ ಬರಲಾರರು.

ಅತಿ ಸುಲಭದ ಸರ್ವರ್ ಪೈಥಾನ್ ಜೊತೆಯಲ್ಲೇ ಬರುತ್ತದೆ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು. ಇದನ್ನು ನಾನು ಕಲಿತಾಗ ದೊಡ್ಡ ವಿದ್ಯೆ ಕೈಗೆ ಸಿಕ್ಕಂತೆ ಓಡಾಡಿದ್ದೆ. ಕಳೆದ ಟರ್ಮಿನಲ್ಲಿ ಒಂದು ದಿನ ಇಂಟರ್ನೆಟ್ ಇರಲಿಲ್ಲ. "ಮೇಡಂ, ನಾನು ಎಲ್ಲರಿಗೂ ಪ್ರಶ್ನೆಪತ್ರಿಕೆ ಕಳಿಸ್ತೀನಿ" ಎಂದು ನಾನೇ ಮುಂದೆ ಹೋದೆ. ಸಾಲು ಟೈಪ್ ಮಾಡಿದೆ, ವಿಳಾಸವನ್ನು ಬೋರ್ಡಿನ ಮೇಲೆ ಬರೆದೆ. ಒಂದೇ ನಿಮಿಷದಲ್ಲಿ ಎಲ್ಲರ ಪರದೆಯ ಮೇಲೂ ಪಟ್ಟಿ ಬಂತು. ಚಪ್ಪಾಳೆಯೂ ಬಿತ್ತು.

ನಾನು ಮಾಡಿದ ತಪ್ಪು ಇದು. ಪೈಥಾನ್ ಸರ್ವರಿಗೆ ಬೇರೆ ಜಾಗ ಹೇಳದಿದ್ದರೆ, ಅದನ್ನು ಯಾವ ಫೋಲ್ಡರಿನಲ್ಲಿ ನಿಂತು ಶುರು ಮಾಡುತ್ತೇವೋ ಆ ಇಡೀ ಫೋಲ್ಡರನ್ನು ತೆರೆದಿಡುತ್ತದೆ. ನಾನು ಶುರು ಮಾಡಿದ್ದು ಡೆಸ್ಕ್‌ಟಾಪಿನಲ್ಲಿ. ಅಲ್ಲಿ ಪ್ರಶ್ನೆಪತ್ರಿಕೆಯ ಜೊತೆಗೆ ನನ್ನ ಗೆಳತಿಯ ಸ್ಕಾಲರ್‌ಶಿಪ್ ಅರ್ಜಿಯ ಕಾಗದಗಳೂ ಇದ್ದವು. ಹಿಂದಿನ ದಿನ ಅವಳಿಗಾಗಿ ನಾನೇ ಸ್ಕ್ಯಾನ್ ಮಾಡಿದ್ದೆ: ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್.

ಯಾವ ಕಂಪ್ಯೂಟರ್ ಯಾವ ಫೈಲು ಕೇಳಿತು ಎಂಬುದನ್ನು ಪೈಥಾನ್ ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲಾಗಿ ಬರೆಯುತ್ತಾ ಹೋಗುತ್ತದೆ. ಫೈಲು ಕೊಟ್ಟರೆ ಎದುರಿಗೆ 200 ಎಂಬ ಸಂಖ್ಯೆ. ಪ್ರಶ್ನೆಪತ್ರಿಕೆ 200, ಪ್ರಶ್ನೆಪತ್ರಿಕೆ 200 ಎಂದು ಖುಷಿಯಿಂದ ನೋಡುತ್ತಿದ್ದೆ. ನಡುವೆ ಆದಾಯ ಪ್ರಮಾಣಪತ್ರ 200 ಎಂದು ಬಂತು. ಅದು ನನ್ನ ತಲೆಗೆ ಹೋಗಿ, ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸುವಷ್ಟರಲ್ಲಿ ಮೂರು ಕಂಪ್ಯೂಟರುಗಳಲ್ಲಿ ತೆರೆದಾಗಿತ್ತು. ಹಿಂದಿನ ಸಾಲಿನಿಂದ ಒಬ್ಬ ಆ ಮೊತ್ತವನ್ನು ಜೋರಾಗಿ ಓದಿದ. ಅದನ್ನು ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ. ಗೆಳತಿ ಏನೂ ಮಾತಾಡಲಿಲ್ಲ. ಬ್ಯಾಗ್ ತೆಗೆದುಕೊಂಡು ಬೇರೆ ಬೆಂಚಿಗೆ ಹೋಗಿ ಕುಳಿತಳು.

ಮನೆಗೆ ಬಂದು ಹೇಳಿದಾಗ ಅಮ್ಮಿ ಬೈಯಲಿಲ್ಲ. "ಅದು ನಿನ್ನ ಹತ್ತಿರ ಇದ್ದ ಅಮಾನತ್ ಅಲ್ವಾ ಬೇಟಾ" ಎಂದರು, ಅಷ್ಟೇ. ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ನಮ್ಮ ಮನೆಯ ಉರ್ದುವಿನಲ್ಲಿ ಅದು ಇನ್ನೊಬ್ಬರು ನಂಬಿ ನಮ್ಮ ಕೈಗೆ ಕೊಟ್ಟ ವಸ್ತು. ಆ ದಿನ ನನಗೆ ಎರಡೂ ಅರ್ಥ ಸರಿಯಾಗಿಯೇ ಹೊಂದಿದವು.

ಹಾಗಾದರೆ ಸರ್ವರೇ ಬೇಡವೇ? ಬೇಕು. ತಪ್ಪು ಪೈಥಾನಿನದ್ದಲ್ಲ, ನನ್ನದು. ಇದು ಭದ್ರತೆಗೆ ಸಾಲದು, ನಿಜವಾದ ಬಳಕೆಗೆ ಇಡಬೇಡಿ ಎಂದು ಪೈಥಾನಿನ ಕೈಪಿಡಿಯೇ ಎಚ್ಚರಿಸುತ್ತದೆ. ನಾನು ಓದಿರಲಿಲ್ಲ. ಒಂದು ಪೀರಿಯಡ್ಡಿನ ಕೆಲಸಕ್ಕೆ ಅದು ಸರಿ, ಅದೂ ಖಾಲಿ ಫೋಲ್ಡರಿನಲ್ಲಿ ಬೇಕಾದ ಫೈಲು ಮಾತ್ರ ಇಟ್ಟುಕೊಂಡು. ವರ್ಷವಿಡೀ ನಡೆಯಲು ಬೇರೆ ಬೇಕು.

ಆಮೇಲೆ ಒಂದಷ್ಟು ಓದಿದೆ. ಎಂಜಿನ್‌ಎಕ್ಸ್ ಹೆಸರುವಾಸಿ, 2004ರಿಂದ ಇದೆ, ದೊಡ್ಡ ದೊಡ್ಡ ಜಾಲತಾಣಗಳನ್ನು ನಡೆಸುತ್ತದೆ. ಆದರೆ ಅದರ ವಿಂಡೋಸ್ ಆವೃತ್ತಿಯನ್ನು ತಯಾರಕರೇ ಇನ್ನೂ ಬೀಟಾ ಎನ್ನುತ್ತಾರೆ, ನಮ್ಮ ಲ್ಯಾಬ್ ಪೂರ್ತಿ ವಿಂಡೋಸ್. ಲೈಟ್‌ಟಿಪಿಡಿ ಹಗುರ, ಆದರೆ ಅದಕ್ಕೆ ಲಿನಕ್ಸ್ ಇದ್ದರೆ ಚೆನ್ನ. ಎಚ್‌ಎಫ್‌ಎಸ್ ಬಳಸಲು ಬಹಳ ಸುಲಭ, ಆದರೆ ಅದರ ಹಳೆಯ ಎರಡನೇ ಆವೃತ್ತಿಯಲ್ಲಿ ಹೊರಗಿನವರು ಕಂಪ್ಯೂಟರನ್ನೇ ವಶಕ್ಕೆ ತೆಗೆದುಕೊಳ್ಳಬಹುದಾದ ದೋಷ 2024ರಲ್ಲಿ ಬಯಲಾಯಿತು. ಹಾಕುವುದಾದರೆ ಹೊಸ ಮೂರನೇ ಆವೃತ್ತಿಯನ್ನೇ ಹಾಕಬೇಕು.

ನನ್ನ ಮತ ಕ್ಯಾಡಿಗೆ. ಅದು ಉಚಿತ, ಒಂದೇ ಒಂದು ಫೈಲು, ವಿಂಡೋಸಿನಲ್ಲೂ ನಡೆಯುತ್ತದೆ. ಯಾವ ಫೋಲ್ಡರ್ ಎಂದು ಅದೇ ಆದೇಶದಲ್ಲಿ ಬರೆಯಬಹುದು. ಫೈಲುಗಳ ಪಟ್ಟಿ ತೋರಿಸು ಎಂದು ನಾವು ಹೇಳಿದರೆ ಮಾತ್ರ ತೋರಿಸುತ್ತದೆ. ಅರ್ಧಕ್ಕೆ ನಿಂತ ಡೌನ್‌ಲೋಡನ್ನು ಅಲ್ಲಿಂದಲೇ ಮುಂದುವರಿಸಲು ಬಿಡುತ್ತದೆ, ಪೈಥಾನಿನ ಸರ್ವರ್ ಬಿಡುವುದಿಲ್ಲ. ಫೈಲು ತೋರಿಸುವ ಈ ಬಗೆಯಲ್ಲಿ ವಿದ್ಯಾರ್ಥಿಗಳು ಓದಬಹುದು, ಏನನ್ನೂ ಹಾಕಲಾರರು. "ಹುಡುಗರು ಸಿನಿಮಾ ತುಂಬಿಸುತ್ತಾರೆ" ಎಂಬ ಸಿಬ್ಬಂದಿಯ ಭಯಕ್ಕೂ ಇದೇ ಉತ್ತರ. ಮೂಲೆಯಲ್ಲಿ ಧೂಳು ಹಿಡಿದಿರುವ ಹಳೆಯ ಕಂಪ್ಯೂಟರೇ ಇದಕ್ಕೆ ಸಾಕು. ಅದರ ವಿಳಾಸ ದಿನಕ್ಕೊಂದಾಗದಂತೆ ಒಮ್ಮೆ ಸ್ಥಿರ ಮಾಡಿದರೆ ಬೋರ್ಡಿನ ಮೇಲೆ ಪೇಂಟಿನಲ್ಲೇ ಬರೆದಿಡಬಹುದು.

ಕನ್ನಡ ಮೇಡಂ ಅವರಿಗೆ ಒಂದು ವಿನಂತಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸ್ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ದಯವಿಟ್ಟು ಪಿಡಿಎಫ್ ಮಾಡಿ ಕೊಡಿ. ಮನೆಯಲ್ಲಿ ಕನ್ನಡ ಮಾತಾಡದ ನನ್ನಂಥವರಿಗೆ ನಿಮ್ಮ ನೋಟ್ಸೇ ಆಧಾರ.

ಆದರೆ ಸಾಫ್ಟ್‌ವೇರ್ ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆ ಫೋಲ್ಡರಿಗೆ ಏನು ಹೋಗಬೇಕು ಎಂದು ನೋಡುವ ಒಬ್ಬ ಉಪನ್ಯಾಸಕರು ಬೇಕು, ಅವರ ಕೈಕೆಳಗೆ ಇಬ್ಬರು ವಿದ್ಯಾರ್ಥಿಗಳು ಸಾಕು. ನೋಟ್ಸ್, ಪ್ರಶ್ನೆಪತ್ರಿಕೆ, ವೇಳಾಪಟ್ಟಿ ಬಿಟ್ಟು ಬೇರೇನೂ ಅಲ್ಲಿ ಇರಬಾರದು. ಅಂಕಪಟ್ಟಿ, ಆಧಾರ್, ಫೀಸಿನ ಬಾಕಿ, ಯಾರದೇ ಫೋಟೋ ಆ ಕಂಪ್ಯೂಟರಿನಲ್ಲೇ ಇರಬಾರದು, "ಐದು ನಿಮಿಷಕ್ಕೆ ಮಾತ್ರ" ಎಂದರೂ ಇರಬಾರದು. ನನ್ನದು ಒಂದು ನಿಮಿಷವೂ ಇರಲಿಲ್ಲ.

ಈ ಲೇಖನ ಕೊಡುವ ಮೊದಲು ಗೆಳತಿಗೆ ಓದಲು ಕೊಟ್ಟೆ. ಪೂರ್ತಿ ಓದಿ, "ಹಾಕು" ಎಂದಳು. ಆಮೇಲೆ, "ಇಬ್ಬರು ವಿದ್ಯಾರ್ಥಿಗಳು ಅಂತ ಬರೆದಿದ್ದೀಯಲ್ಲ, ಅದರಲ್ಲಿ ಒಬ್ಬಳು ನಾನು" ಎಂದಳು. ಪ್ರಾಂಶುಪಾಲರು ಒಪ್ಪಿದರೆ ಇನ್ನೊಂದು ಜಾಗಕ್ಕೆ ಯಾರಾದರೂ ಹೆಸರು ಕೊಡಿ. ನಾನು ಸದ್ಯಕ್ಕೆ ಅಮಾನತಿನಲ್ಲಿದ್ದೇನೆ.