ನಿರ್ಜನವೆಂಬ ಸುಳ್ಳು

ಉತ್ತರ ಧ್ರುವಪ್ರಭೆಯ ಚಿತ್ರಗಳಲ್ಲಿ ಮನುಷ್ಯರು ಕಾಣುವುದು ಅಪರೂಪ. ಮೇಲೆ ಹಸಿರು ಬೆಳಕಿನ ತೆರೆ, ಕೆಳಗೆ ಹಿಮ, ಅಡಿಬರಹದಲ್ಲಿ ‘ನಿರ್ಜನ ಪ್ರದೇಶ’ ಎಂಬ ಮಾತು. ನನ್ನ ತಕರಾರು ಈ ಒಂದು ಪದದ ಕುರಿತು.

ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕ್ ಪ್ರಾಂತವನ್ನೇ ನೋಡೋಣ. ಅಲ್ಲಿನ ಆಲ್ಟಾ ಊರಿನ ಸಮೀಪ, ಹಾಲ್ಡೆ ಬೆಟ್ಟದ ನೆತ್ತಿಯಲ್ಲಿ, ಭೌತವಿಜ್ಞಾನಿ ಕ್ರಿಸ್ತಿಯಾನ್ ಬಿರ್ಕೆಲಾಂಡ್ 1899ರಲ್ಲಿ ಧ್ರುವಪ್ರಭೆಯ ಅಧ್ಯಯನಕ್ಕೆಂದೇ ವೀಕ್ಷಣಾಲಯವನ್ನು ಕಟ್ಟಿಸಿದರು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕಾಂತಗೋಲವನ್ನಿಟ್ಟು, ಅದರ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಧ್ರುವಗಳ ಸುತ್ತ ಬೆಳಕಿನ ಬಳೆ ಮೂಡುವುದನ್ನೂ ತೋರಿಸಿದರು. ಸೂರ್ಯನಿಂದ ಬರುವ ವಿದ್ಯುತ್ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವಗಳತ್ತ ತಿರುಗಿಸುತ್ತದೆ. ನೂರು ಕಿಲೋಮೀಟರಿಗೂ ಎತ್ತರದಲ್ಲಿ ಅವು ಬಡಿದಾಗ ಆಮ್ಲಜನಕ ಹಸಿರಾಗಿ, ಇನ್ನೂ ಮೇಲೆ ಕೆಂಪಾಗಿ ಹೊಳೆಯುತ್ತದೆ. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಆ ಕೆಂಪು ಲಡಾಖಿನ ಹಾನ್ಲೆಯಲ್ಲಿಯೂ ಕಂಡಿತು.

ಇದು ಆಕಾಶದ ಮಾತಾಯಿತು. ಕೆಳಗಿನ ನೆಲ ಹಿಮಸಾರಂಗಗಳನ್ನು ಮೇಯಿಸುವ ಸಾಮಿ ಜನರದು. ಪ್ರಭೆ ಆಡುವಾಗ ಸಿಳ್ಳೆ ಹಾಕಬಾರದೆಂದು ಅವರ ಹಿರಿಯರು ಮಕ್ಕಳಿಗೆ ಹೇಳುತ್ತಿದ್ದರು. 1970ರ ದಶಕದಲ್ಲಿ ಇದೇ ಆಲ್ಟಾ ನದಿಗೆ ಅಣೆಕಟ್ಟಿನ ಯೋಜನೆ ಬಂದಿತು. ಮೊದಲ ನಕ್ಷೆಯಲ್ಲಿ ಮಾಜೆ ಎಂಬ ಸಾಮಿ ಹಳ್ಳಿಯೇ ಮುಳುಗುವುದಿತ್ತು! 1979ರಲ್ಲಿ ಸಾಮಿಗಳು ಓಸ್ಲೋದ ಸಂಸತ್ತಿನೆದುರು ಗುಡಾರ ಹೂಡಿ ಉಪವಾಸ ಕುಳಿತರು. 1981ರ ಜನವರಿಯ ಚಳಿಯಲ್ಲಿ ಸರಪಳಿ ಬಿಗಿದುಕೊಂಡು ಕುಳಿತಿದ್ದವರನ್ನು ಸುಮಾರು 600 ಪೊಲೀಸರು ಎತ್ತಿ ಒಯ್ದರು. ಹಳ್ಳಿ ಉಳಿಯಿತು, ಅಣೆಕಟ್ಟು ನಿಲ್ಲಲಿಲ್ಲ. 1987ರಲ್ಲಿ ಅದು ಪೂರ್ಣಗೊಂಡಿತು. ಆದರೆ ಆ ಸೋಲಿನಿಂದಲೇ 1989ರಲ್ಲಿ ನಾರ್ವೆಯ ಸಾಮಿ ಸಂಸತ್ತು ಹುಟ್ಟಿತು.

ಕೃಷಿಯ ಕಣ್ಣಿನಿಂದ ನೋಡಿದರೆ ಇಂದಿನ ಸಂಕಟ ಇನ್ನೂ ಸೂಕ್ಷ್ಮವಾದುದು. ಚಳಿಗಾಲದಲ್ಲಿ ಹಿಮಸಾರಂಗದ ಮುಖ್ಯ ಮೇವು ಕಲ್ಲುಹೂವು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ಬಂಧು ಅದು; ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಪುಡಿ ಹಿಮವನ್ನು ಪ್ರಾಣಿ ಗೊರಸಿನಿಂದ ಕೆದಕಿ ಅದನ್ನು ಮುಟ್ಟಬಲ್ಲದು. ಆದರೆ ಹಿಮದ ಮೇಲೆ ಮಳೆ ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ಮೇವಿಗೆ ಗಾಜಿನಂತಹ ಬೀಗ ಬೀಳುತ್ತದೆ. ಮೇವು ಕಾಲಡಿಯಲ್ಲೇ ಇದೆ, ಪ್ರಾಣಿ ಹಸಿದು ಸಾಯುತ್ತದೆ. 1979ರಿಂದೀಚೆಗೆ ಉತ್ತರ ಧ್ರುವವಲಯವು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ; ಈ ಬಗೆಯ ಮಳೆಗೆ ಅದೇ ಕಾರಣ. ಮೇಲಿನ ಬೆಳಕಿಗೆ ಇದರಿಂದ ಏನೂ ಆಗದು. ಪ್ರವಾಸಿಯ ಚಿತ್ರ ಮೊದಲಿನಷ್ಟೇ ಚಂದ ಬರುತ್ತದೆ.

ತಾಪಮಾನ ತಗ್ಗಿಸುವ ಹೆಸರಿನಲ್ಲಿಯೂ ಅದೇ ಜನರ ಮೇವುಗಾವಲಿಗೆ ಕೈ ಹಾಕಲಾಗಿದೆ. ಆಲ್ಟಾದಿಂದ ಬಹು ದಕ್ಷಿಣದ ಫೋಸೆನ್‌ನಲ್ಲಿ 151 ಗಾಳಿಯಂತ್ರಗಳಿಗೆ ನೀಡಿದ ಪರವಾನಗಿಯು ಸಾಮಿಗಳ ಸಾಂಸ್ಕೃತಿಕ ಹಕ್ಕನ್ನು ಉಲ್ಲಂಘಿಸಿದೆಯೆಂದು 2021ರ ಅಕ್ಟೋಬರಿನಲ್ಲಿ ನಾರ್ವೆಯ ಸರ್ವೋಚ್ಚ ನ್ಯಾಯಾಲಯ ಸಾರಿತು. ಗಾಳಿವಿದ್ಯುತ್ತು ಬೇಡವೆಂದು ನಾನು ವಾದಿಸಲಾರೆ. ಕೇಳಿ ಕಟ್ಟಬೇಕಿತ್ತು, ಕಟ್ಟಿ ಕೇಳಿದರು. ಮೇಯಿಸುವವರೊಡನೆ ಒಪ್ಪಂದಗಳಾದದ್ದು 2023–24ರಲ್ಲಿ. ಅಷ್ಟು ಹೊತ್ತಿಗೆ ಯಂತ್ರಗಳು ತಿರುಗತೊಡಗಿ ವರ್ಷಗಳೇ ಕಳೆದಿದ್ದವು.